ಜವರಮ್ಮತ್ತೆಯ ಎಣಿಕೆ, ಡಕೋಟಾದ ಕೆಮ್ಮು

ಏಳು ಎಂದೇ ನನ್ನ ನೆನಪು. ಆದರೆ ನನ್ನ ಹೆಂಡತಿ ಸುಧಾ ಆರು ಎನ್ನುತ್ತಾಳೆ. ಅತ್ತೆ ಎಣಿಸುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು, ನಾನು ನಾಲ್ಕು ಹೆಜ್ಜೆ ಹಿಂದೆ ಮೊಬೈಲು ಎತ್ತಿ ಹಿಡಿದು ನಿಂತಿದ್ದೆ. ಹಾಗಾಗಿ ಅವಳ ಮಾತೇ ಸರಿಯಿರಬಹುದು. ಆದರೆ ಅದೇ ಸುಧಾ, ಆ ದಿನ ಅತ್ತೆ ಹಸಿರು ಸೀರೆ ಉಟ್ಟಿದ್ದಳು ಎಂದು ಆಣೆ ಮಾಡುತ್ತಾಳೆ. ಫೋಟೋ ತೆಗೆದು ನೋಡಿದರೆ ಸೀರೆ ನೀಲಿ. ನೀಲಿಯನ್ನು ಹಸಿರು ಮಾಡಿದ ತಲೆ ಏಳನ್ನು ಆರು ಮಾಡಿರಲಾರದೇ? ನನ್ನ ತಲೆಯೂ ಅಂಥದ್ದೇ. ಆದ್ದರಿಂದ ಇದನ್ನು ಓದುವವರು ನಾನು ಹೇಳಿದ್ದನ್ನೆಲ್ಲ ಪೂರ್ತಿ ನಂಬಬೇಕಾಗಿಲ್ಲ. ಅಷ್ಟು ನಕ್ಕ ದಿನ ನಮಗೆ ಇನ್ನೊಂದು ಬಂದಿಲ್ಲ ಎನ್ನುವುದನ್ನು ಮಾತ್ರ ನಂಬಬಹುದು.

ಅದು ಹೋದ ವರ್ಷದ ಬೇಸಿಗೆ. ನಾನು ಹುಣಸೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಹೊಗೆಸೊಪ್ಪಿನ ಹರಾಜು ನಡೆಯುವಷ್ಟು ದಿನ ರೈತರ ಆಧಾರ್ ಕಾರ್ಡು, ಪಾಸ್‌ಬುಕ್ಕುಗಳ ಪ್ರತಿ ತೆಗೆಯುವುದರಲ್ಲಿ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಹರಾಜು ಮುಗಿದು, ಯುಗಾದಿಯೂ ಕಳೆದು, ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದಾಗ ಭೇರ್ಯದಿಂದ ಜವರಮ್ಮತ್ತೆಯ ಫೋನು ಬಂತು.

"ರವೀ, ಭಾನ್ವಾರ ಬಾ. ಇಮಾನ ನೋಡಕೆ ಹೋಗ್ಬೇಕು."

"ಯಾವೂರಿಗೆ ಅತ್ತೆ, ಮಂಡಕಳ್ಳಿಗಾ?" ಮೈಸೂರಿನ ವಿಮಾನ ನಿಲ್ದಾಣ ಇರುವುದು ಅಲ್ಲಿ.

"ಅಲ್ಲಿರಾವು ಹೊಸಾವು ಕಣ್ಲಾ. ನಂಗೆ ಹಳೇದು ಬೇಕು. ನಿಮ್ಮ ಮಾವಂದು."

ಜವರಮ್ಮತ್ತೆ ನನ್ನ ಅಪ್ಪನ ಅಕ್ಕ. ವಯಸ್ಸು ಎಪ್ಪತ್ತೈದು ದಾಟಿದೆ. ಭೇರ್ಯದಲ್ಲಿ ಅವಳದೊಂದು ಹಿಟ್ಟಿನ ಮಿಲ್ಲು ಇದೆ. ಅವಳ ಗಂಡ ಚೆಲುವಯ್ಯ ಮಾವ ಹರೆಯದಲ್ಲಿ ಕೆಲವು ವರ್ಷ ವಿಮಾನದ ದಂಡಿನಲ್ಲಿದ್ದರು. ಬಿಟ್ಟು ಬಂದ ಮೇಲೆ ಈ ಮಿಲ್ಲು ಹಾಕಿದರು. ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿರಬೇಕು. ಅಲ್ಲಿಂದ ಇಲ್ಲಿಯವರೆಗೆ ಮಿಲ್ಲನ್ನು ಅತ್ತೆ ಒಬ್ಬಳೇ ನಡೆಸಿದ್ದಾಳೆ.

ಮಾವ ಅವಳಿಗೆ ಮೂರು ವಿಷಯ ಕಲಿಸಿದ್ದರು. ಒಂದು, ಕೋಲು ಕಚ್ಚುವುದು. ಒಂದೂವರೆ ಅಡಿಯ ಹುಣಸೆ ಕೋಲಿನ ಒಂದು ತುದಿಯನ್ನು ಎಂಜಿನ್ನಿನ ಮೇಲಿಟ್ಟು ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದರೆ ಒಳಗಿನ ಸದ್ದೆಲ್ಲ ತಲೆಬುರುಡೆಯೊಳಗೇ ಕೇಳುತ್ತದೆ. ಯಾವ ಬೇರಿಂಗು ಸವೆದಿದೆ, ಎಲ್ಲಿ ಎಣ್ಣೆ ಆರಿದೆ ಎಂದು ಅತ್ತೆ ಹಾಗೆ ಕೋಲು ಕಚ್ಚಿಯೇ ಹೇಳುತ್ತಾಳೆ. ಈಗ ಕಿವಿ ಮಂದವಾದ ಮೇಲಂತೂ, "ನನ್ ಕಿವಿ ಹಲ್ಲಿಗೆ ಇಳ್ದದೆ ಕಣ್ಲಾ" ಅನ್ನುತ್ತಾಳೆ.

ಎರಡನೆಯದು, ಎಣಿಕೆ. ಮೊದಲು ಮಿಲ್ಲಿನಲ್ಲಿದ್ದದ್ದು ಹ್ಯಾಂಡಲ್ ಹಾಕಿ ತಿರುಗಿಸುವ ಆಯಿಲ್ ಎಂಜಿನ್. ಮೇಲಿನ ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸಬೇಕು, ಚಕ್ರಕ್ಕೆ ವೇಗ ಬಂದಾಗ ಲಿವರ್ ಬಿಡಬೇಕು. ಆಗ ಅದು ಎರಡು ಸಲ ಕೆಮ್ಮಿ ಶುರುವಾಗುತ್ತದೆ. ಎಷ್ಟು ಸುತ್ತಿಗೆ ಲಿವರ್ ಬಿಡಬೇಕೆಂದು ಅತ್ತೆ ಗಟ್ಟಿಯಾಗಿ ಎಣಿಸುತ್ತಿದ್ದಳು. ಆಮೇಲೆ ಕರೆಂಟಿನ ಮೋಟಾರು ಬಂತು. ಆದರೂ ಅವಳು ಸ್ವಿಚ್ಚಿನ ಮುಂದೆ ನಿಂತು ಎಣಿಸುವುದನ್ನು ಬಿಡಲಿಲ್ಲ. ರಾಗಿ ಡಬ್ಬ ಹಿಡಿದು ಬಂದವರು ಎಣಿಕೆ ಮುಗಿಯುವವರೆಗೆ ಸುಮ್ಮನೆ ನಿಲ್ಲುತ್ತಾರೆ. ಹೊಸಬರು ಯಾಕೆ ಎಂದು ಕೇಳಿದರೆ, "ಯೋಳ್ದೆ ಕೇಳ್ದೆ ಒತ್ತುದ್ರೆ ಮೋಟ್ರು ಬೇಜಾರ್ ಮಾಡ್ಕತದೆ" ಎಂಬ ಉತ್ತರ ಸಿಗುತ್ತದೆ.

ಮೂರನೆಯದು, ವಿಮಾನದ ಸದ್ದು. ಮಾವ ರಜೆಗೆ ಬಂದಾಗಲೆಲ್ಲ ತಾವು ಕೆಲಸ ಮಾಡುತ್ತಿದ್ದ ಡಕೋಟಾ ಎಂಬ ಹಳೇ ವಿಮಾನ ಹೇಗೆ ಏಳುತ್ತದೆ ಎಂದು ಬಾಯಲ್ಲೇ ಮಾಡಿ ತೋರಿಸುತ್ತಿದ್ದರಂತೆ. ಅತ್ತೆ ಅದನ್ನು ಹಾಗೇ ಕಲಿತಳು. ಮೊದಲು ಗುಂಯ್ ಎಂದು ಸಣ್ಣಗೆ ಮೇಲೇರುವ ಒಂದು ಸದ್ದು. ಆಮೇಲೆ ಅವಳ ಎಣಿಕೆ. ಆಮೇಲೆ ಖೊಳ್, ಖೊಳ್, ಡಬ್ ಎಂಬ ಕೆಮ್ಮು. ಕೊನೆಗೆ ತುಟಿ ಅದುರಿಸಿ, ಎದೆಯಿಂದ ಎಬ್ಬಿಸುವ ದೊಡ್ಡ ಗುಡುಗುಡು. ನಾವು ಚಿಕ್ಕವರಿದ್ದಾಗ ಮದುವೆಮನೆಗಳಲ್ಲಿ ಅವಳ ಸೆರಗು ಹಿಡಿದು, "ಅತ್ತೆ, ಒಂದ್ಸಲ ಇಮಾನ ಬುಡು" ಎಂದು ಪೀಡಿಸುತ್ತಿದ್ದೆವು. ನಡುವೆ ಎಣಿಕೆ ಯಾಕೆ ಬರುತ್ತದೆ ಎಂದು ನಾವೂ ಕೇಳಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಮಿಲ್ಲಿನ ಚಾಳಿ ವಿಮಾನಕ್ಕೂ ಬಂದಿದೆ ಎಂದುಕೊಂಡಿದ್ದೆವು.

ಭಾನುವಾರ ನಾನೂ ಸುಧಾನೂ ಸ್ಕೂಟರಿನಲ್ಲಿ ಹೋದೆವು. ಮಿಲ್ಲಿನಲ್ಲಿ ಸಣ್ಣೇಗೌಡರು ಮೂಟೆಯ ಮೇಲೆ ಕೂತಿದ್ದರು. ಅವರು ಮಾವನ ಓರಗೆಯವರು, ಊರ ಶಾಲೆಯ ಸಮಿತಿಯ ಹಿರಿಯರು. ರಜೆ ಮುಗಿಯುವುದರೊಳಗೆ ಶಾಲೆಯ ಗೋಡೆಗೆ ಬಣ್ಣ ಹೊಡೆಸಿ, ದಂಡಿನಲ್ಲಿ ದುಡಿದ ಊರಿನವರ ಹೆಸರು ಬರೆಸಬೇಕೆಂದು ತೀರ್ಮಾನವಾಗಿತ್ತು. ಹೆಸರಿನ ಮುಂದೆ ಏನು ಕೆಲಸದಲ್ಲಿದ್ದರು ಎಂಬುದೂ ಇರಬೇಕು. ಅಲ್ಲೇ ತಕರಾರು.

"ಅತ್ಗೆ, ಕ್ವಾಪ ಮಾಡ್ಕಬ್ಯಾಡ" ಅಂದರು ಸಣ್ಣೇಗೌಡರು. "ಚೆಲುವಣ್ಣನ ಹೆಸ್ರು ಮೊದುಲ್ನೇ ಸಾಲ್ನಲ್ಲೇ ಬರ್ಸಣ. ಮುಂದ್ಕೆ ಏನಂತ ಬರ್ಸೋದು? ಅವ್ನು ಅಲ್ಲಿ ಸ್ಪ್ಯಾನರ್ ಹಿಡ್ದಿದ್ನೋ ಸೌಟು ಹಿಡ್ದಿದ್ನೋ ಯಾರ್ ಕಂಡವ್ರೆ?"

"ಸ್ಪ್ಯಾನರ್ರು" ಅಂದಳು ಅತ್ತೆ, ಕೈಯಲ್ಲಿದ್ದ ರಾಗಿಯನ್ನು ಮಿಲ್ಲಿನ ಮೇಲಿನ ಡಬ್ಬಕ್ಕೆ ಸುರಿಯುತ್ತ.

"ನೀನ್ ಕಂಡಿದ್ದಾ?"

"ನೀನ್ ಸೌಟು ಕಂಡಿದ್ದಾ?"

"ಕಂಡಿವ್ನಿ. ನನ್ ಮದ್ವೇಲಿ ಅಡುಗೆ ಭಟ್ರು ಕೈ ಕೊಟ್ಟಾಗ ಮುನ್ನೂರ್ ಜನುಕ್ಕೆ ಬ್ಯಾಳೆ ಸಾರು ಮಾಡ್ದೋನು ಅವ್ನೇ. ಒಂದ್ ಸತಿನಾದ್ರೂ ರುಚಿ ನೋಡುದ್ನಾ? ಕೈಯಳ್ತೇಲೇ ಹಾಕ್ದ. ಅಂಗೆ ಮಾಡಾಕೆ ದಿನಾ ಮಾಡಿ ಅಭ್ಯಾಸ ಇರ್ಬೇಕು ಕಣವ್ವ."

"ಉಪ್ ಎಚ್ಚಾಗಿತ್ತು ಅಂತ ನೀನೇ ಅಂದಿದ್ದೆ."

"ಎಚ್ಚಾಗಿತ್ತು. ಆದ್ರೆ ಮುನ್ನೂರ್ ಜನುಕ್ಕೂ ಒಂದೇ ಸಮ ಎಚ್ಚಾಗಿತ್ತು."

ಅಲ್ಲಿದ್ದವರೆಲ್ಲ ನಕ್ಕರು. ಅತ್ತೆಯೂ ನಕ್ಕಳು. ಆದರೆ ಸಣ್ಣೇಗೌಡರು ಹೋದ ಮೇಲೆ ಅವಳು ಮೋಟಾರು ಆರಿಸಿ, ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡು ನಮ್ಮೆದುರು ಕೂತಳು. ಊರು ಐವತ್ತು ವರ್ಷದಿಂದ ಈ ಹಾಸ್ಯ ಮಾಡುತ್ತಲೇ ಬಂದಿತ್ತು. ಹಾಸ್ಯ ಬೇರೆ, ಗೋಡೆ ಬೇರೆ. ಗೋಡೆಯ ಮೇಲೆ ಬರೆದದ್ದನ್ನು ಶಾಲೆಯ ಮಕ್ಕಳು ದಿನಾ ಓದುತ್ತಾರೆ.

ಮಾವನ ಕಾಗದಪತ್ರವಿದ್ದ ಟ್ರಂಕಿಗೆ ಯಾವತ್ತೋ ಗೆದ್ದಲು ಹಿಡಿದಿತ್ತು. ದಂಡಿನ ದಫ್ತರಕ್ಕೆ ಒಂದು ಅರ್ಜಿ ಬರೆಯುತ್ತೇನೆ, ಅವರ ಕೆಲಸ ಏನಿತ್ತು ಎಂದು ತಿಳಿಸುತ್ತಾರೆ ಎಂದು ನಾನು ಹೇಳಿದೆ.

"ಕಾಗ್ದ ಬ್ಯಾಡ ಬುಡು" ಅಂದಳು. "ಕಾಗ್ದ ಬರೆಯೋರು ತಪ್ಪು ಬರೀತರೆ. ನಿನ್ ಅಂಗ್ಡಿಗ್ ಬರೋರ್ ಕಾರ್ಡ್‌ನಲ್ಲೇ ಎಷ್ಟ್ ಜನುದ್ ಹೆಸ್ರು ತಪ್ಪವೆ ಯೋಳು. ನಂಗೆ ಆ ಇಮಾನದ್ ಸದ್ದು ಕೇಳ್ಬೇಕು. ಅವ್ರು ಕಲ್ಸಿದ್ದು ಅಂಗೇ ಇದ್ರೆ ಸ್ಪ್ಯಾನರ್ರು. ಇಲ್ದೆ ಇದ್ರೆ ನಾನೇ ನಿಂತ್ಕಂಡು ಅಡುಗೆಯೋರು ಅಂತ ಬರುಸ್ತೀನಿ."

ನಾನು ಮೊಬೈಲಿನಲ್ಲಿ ಡಕೋಟಾ ಎಂಜಿನ್ ಶುರುವಾಗುವ ವಿಡಿಯೋ ಹುಡುಕಿ ಕೇಳಿಸಿದೆ. ಅವಳು ಕೋಲು ತಂದು ಮೊಬೈಲಿನ ಮೇಲಿಟ್ಟು ಕಚ್ಚಿದಳು. ಸ್ವಲ್ಪ ಹೊತ್ತು ಕೇಳಿ, "ಇದು ಇಮಾನದ್ ಸದ್ದಲ್ಲ, ಫೋನಿನ್ ಸದ್ದು. ಇದ್ರೊಳ್ಗೆ ಆನೆ ಕೂಗುದ್ರೂ ಸೊಳ್ಳೆನೇಯ" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಪ್ರತಿಯ ಪ್ರತಿ ತೆಗೆಯುವ ಕಸುಬು ನನ್ನದು. ಒಂದೊಂದು ಸಲಕ್ಕೂ ಏನೋ ಒಂದು ಅಳಿಸಿಹೋಗುತ್ತದೆ.

ಬೆಂಗಳೂರಿನಲ್ಲಿ ಹಳೇ ವಿಮಾನಗಳ ಮ್ಯೂಸಿಯಂ ಒಂದಿದೆ, ಅಲ್ಲಿ ಗುಂಡಿ ಒತ್ತಿದರೆ ಆಯಾ ವಿಮಾನದ ಸದ್ದು ಕೇಳುತ್ತದೆ ಎಂದು ಎಲ್ಲೋ ಓದಿದ್ದೆ. ಅಥವಾ ಯಾರೋ ಹೇಳಿದ್ದರು. ಮುಂದಿನ ವಾರ ಅತ್ತೆ ಹುಣಸೂರಿಗೆ ಬಂದು ಉಳಿದುಕೊಂಡಳು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಲು ನನ್ನ ಸ್ಕೂಟರು ಎಷ್ಟು ಒದ್ದರೂ ಶುರುವಾಗದೆ, "ಥೂ, ಡಕೋಟಾ ಗಾಡಿ" ಎಂದು ಬೈದೆ. ನಮ್ಮ ಕಡೆ ಲಡಾಸು ಗಾಡಿಗೆಲ್ಲ ಅದೇ ಹೆಸರು. ಅತ್ತೆ ಹಿಂದಿನಿಂದ ನನ್ನ ಬೆನ್ನಿಗೆ ಒಂದು ಕೊಟ್ಟಳು. "ನಿನ್ ಗಾಡಿನ ಬಯ್ಯಿ, ಡಕೋಟಾನ ಬಯ್ಬ್ಯಾಡ."

ಬಸ್ಸು ಬಿಳಿಕೆರೆ ತಲುಪುವಷ್ಟರಲ್ಲಿ ಅತ್ತೆ ಮುಂದಿನ ಕಂಬಿಗೆ ಕೋಲಿಟ್ಟು ಕಚ್ಚಿ ನೋಡಿ, ಡ್ರೈವರಿಗೆ ಕೇಳುವಂತೆ, "ನಿನ್ ಬಸ್ಸು ಎಲ್ಡ್ನೇ ಗೇರ್‌ನಲ್ಲಿ ಹಲ್ ಕಡೀತದಲ್ಲಪ್ಪ" ಅಂದಳು. ಡ್ರೈವರು ಕನ್ನಡಿಯಲ್ಲಿ ನೋಡಿ, "ಡಿಪೋದವ್ರಿಗೆ ನಾನೂ ಅದನ್ನೇ ಹೇಳ್ತಿವ್ನಿ, ನೀವೂ ಒಂದ್ ಮಾತು ಹೇಳಿ ತಾಯಿ" ಅಂದ. ಮೈಸೂರಿನಲ್ಲಿ ಬಸ್ಸು ಬದಲಿಸಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆಂದು, ಮ್ಯೂಸಿಯಂ ತಲುಪಿದಾಗ ಮಧ್ಯಾಹ್ನವಾಗಿತ್ತು.

ಬಾಗಿಲಲ್ಲಿ ಚೀಲ ನೋಡಿದ ಕಾವಲಿನವನು ಕೋಲು ಎತ್ತಿ ಹಿಡಿದು, "ಇದೇನಮ್ಮ?" ಅಂದ.

"ಊರ್ಗೋಲು."

"ಇಷ್ಟು ಗಿಡ್ಡದಾ?"

"ನಾನೇನ್ ಉದ್ದ ಇವ್ನಾ?"

ಅವನು ನಗುತ್ತ ಬಿಟ್ಟ. ಒಳಗೆ ಬಯಲಿನಲ್ಲಿ ಹತ್ತಾರು ವಿಮಾನಗಳು ನಿಂತಿದ್ದವು. ಬೇಸಿಗೆ ಶಿಬಿರದ ಮಕ್ಕಳ ದೊಡ್ಡ ಹಿಂಡು ಅಲ್ಲೆಲ್ಲ ಹರಡಿತ್ತು. ಚೂಪು ಮೂತಿಯ ಜೆಟ್ಟುಗಳನ್ನು ಅತ್ತೆ ತಿರುಗಿಯೂ ನೋಡಲಿಲ್ಲ. "ಇವುಕ್ಕೆ ಮುಂದೆ ಫ್ಯಾನೇ ಇಲ್ಲ" ಅನ್ನುತ್ತ ಹೋದಳು. ಮೂಲೆಯಲ್ಲಿ, ತಗಡಿನ ಮಾಡಿನ ಕೆಳಗೆ, ಮೂತಿ ಮೇಲೆತ್ತಿ ಬಾಲ ನೆಲಕ್ಕೂರಿ ಡಕೋಟಾ ಕೂತಿತ್ತು. ಪಕ್ಕದಲ್ಲಿ ಫಲಕವಿತ್ತು. ಫಲಕದ ಕೆಳಗೆ ಗುಂಡಿಯೂ ಇತ್ತು. ಒತ್ತಿದೆ. ಸದ್ದಿಲ್ಲ. ಸುಧಾ ಒತ್ತಿದಳು. ಇಲ್ಲ. ಹಿಂದೆ ನಿಂತ ಶಿಬಿರದ ಹುಡುಗಿಯೊಬ್ಬಳು, "ಅದು ಕೆಟ್ಟೋಗಿದೆ ಅಂಕಲ್, ನಾವೆಲ್ಲ ಒತ್ತಿ ನೋಡಿದ್ವಿ" ಅಂದಳು.

ಭೇರ್ಯದಿಂದ ಇಷ್ಟು ದೂರ ಕರೆದುಕೊಂಡು ಬಂದದ್ದು ಒಂದು ಕೆಟ್ಟ ಗುಂಡಿಗಾಗಿ. ಅತ್ತೆಗೆ ಏನು ಹೇಳಲಿ ಎಂದು ತಿರುಗಿದರೆ ಅವಳು ಅಲ್ಲಿರಲಿಲ್ಲ. ಹಗ್ಗದ ಕೆಳಗೆ ನುಸುಳಿ ವಿಮಾನದ ಹೊಟ್ಟೆಯಡಿಗೆ ಹೋಗಿ, ಎಂಜಿನ್ನಿನಿಂದ ಚಕ್ರಕ್ಕೆ ಇಳಿದ ದಪ್ಪ ಉಕ್ಕಿನ ಕಾಲಿಗೆ ಕೋಲಿಟ್ಟು ಕಚ್ಚಿ, ಕಣ್ಣು ಮುಚ್ಚಿ ನಿಂತಿದ್ದಳು.

ಕಾವಲಿನವನು ಸೀಟಿ ಊದಿದ. ಮಕ್ಕಳೆಲ್ಲ ಓಡಿಬಂದರು. ನಾನು ನಾಚಿಕೆಯಿಂದ ಸುಧಾಳ ಹಿಂದೆ ಸರಿದೆ. ಮಕ್ಕಳ ಹಿಂದೆ ಒಬ್ಬ ಎತ್ತರದ ಹಿರಿಯರು ಬಂದರು. ಬಿಳಿ ಮೀಸೆ, ತಲೆಗೆ ಟೋಪಿ. ಹೆಸರು ಮಾದಪ್ಪ, ಕೊಡಗಿನವರು, ವಿಮಾನದ ದಂಡಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಈಗ ಇಲ್ಲಿ ಬಂದವರಿಗೆ ವಿಮಾನ ತೋರಿಸುತ್ತಾರೆ ಎಂಬುದೆಲ್ಲ ಆಮೇಲೆ ತಿಳಿಯಿತು.

"ಎಂಥ ಮಾಡ್ತಿದ್ದೀರಿ ಅಮ್ಮ ಅಲ್ಲಿ?"

ಅತ್ತೆ ಕೋಲು ಬಿಡದೆ ಒಂದು ಕೈ ಮೇಲೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. ಆಶ್ಚರ್ಯವೆಂದರೆ ಎಲ್ಲರೂ ಸುಮ್ಮನಾದರು, ಮಕ್ಕಳು ಕೂಡ. ಕೊನೆಗೆ ಅವಳು ಕೋಲು ತೆಗೆದು ತುದಿಯನ್ನು ಸೆರಗಿನಿಂದ ಒರೆಸಿದಳು.

"ಒಳ್ಗೆ ಮರಿಗಳವೆ" ಅಂದಳು.

"ಎಂಥ ಮರಿ?"

"ಹಕ್ಕಿ ಮರಿ. ಇಂಜಿನ್ನೊಳ್ಗೆ. ಹಸ್ಕಂಡವೆ."

ಮಾದಪ್ಪನವರು ಟೋಪಿ ಹಿಂದೆ ಸರಿಸಿ ಮೇಲೆ ನೋಡಿದರು. ಎಂಜಿನ್ನಿನ ಮುಚ್ಚಳದ ಸಂದಿನಿಂದ ನಾಲ್ಕು ಹುಲ್ಲುಕಡ್ಡಿ ಇಣುಕುತ್ತಿದ್ದವು. "ಹೋದ ತಿಂಗಳು ತಾನೇ ಗೂಡು ತೆಗೆಸಿದ್ದೆ" ಎಂದು ಅವರು ಅನ್ನುವಷ್ಟರಲ್ಲಿ ಒಂದು ಗೊರವಂಕ ಹಾರಿಬಂದು, ನಮ್ಮನ್ನೆಲ್ಲ ಒಮ್ಮೆ ನೋಡಿ, ಸಂದಿನೊಳಗೆ ಹೋಯಿತು. ಮಕ್ಕಳು ಹೋ ಎಂದರು. ಆ ಹೋ ಎಂಬ ಸದ್ದಿನಲ್ಲಿ ನನ್ನ ನಾಚಿಕೆ ಹೋಯಿತು. ಅತ್ತೆ ಕೋಲು ಕಚ್ಚುವ ಮೊದಲೇ ಆ ಹಕ್ಕಿ ಒಳಗೆ ಹೋದದ್ದನ್ನು ತಾನು ನೋಡಿದ್ದೆ, ಅತ್ತೆಯೂ ನೋಡಿರಬೇಕು ಎಂದು ಸುಧಾ ಈಗ ಹೇಳುತ್ತಾಳೆ. ಆ ದಿನ ಹಾಗೆ ಹೇಳಿದ ನೆನಪು ನನಗಿಲ್ಲ.

"ಈ ಕೋಲಿನ ವಿದ್ಯೆ ಯಾರು ಕಲಿಸಿದ್ದು?" ಮಾದಪ್ಪನವರು ಕೇಳಿದರು.

"ನಮ್ ಯಜಮಾನ್ರು. ಇಂಥದ್ರಲ್ಲೇ ಕೆಲ್ಸ ಮಾಡ್ತಿದ್ರು. ಫಿಟ್ಟರ್ರು." ಆ ಕೊನೆಯ ಮಾತನ್ನು ಅವಳು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

"ನಾವು ಸ್ಕ್ರೂಡ್ರೈವರ್ ಕಿವಿಗೆ ಇಡ್ತಿದ್ದೆವು. ಹಲ್ಲಿಗಿಟ್ಟವರನ್ನು ನಾನು ನೋಡಿಲ್ಲ" ಅಂದರು ಅವರು. ಅತ್ತೆಯ ಮುಖ ಸಣ್ಣದಾಯಿತು. ನಾನು ನಡುವೆ ಬಾಯಿ ಹಾಕಿ, ಶಾಲೆಯ ಗೋಡೆಯ ವಿಷಯ, ಕೆಟ್ಟ ಗುಂಡಿಯ ವಿಷಯ ಎಲ್ಲ ಹೇಳಿದೆ. ಅವರು ಸಾವಧಾನವಾಗಿ ಕೇಳಿ, "ಗುಂಡಿ ಹೋದರೆ ಹೋಗಲಿ. ನಿಮ್ಮ ಯಜಮಾನರ ಸದ್ದನ್ನು ಮಾಡಿ ಅಮ್ಮ. ನಾನು ಆ ಕಡೆಯಿಂದ ಕೇಳ್ತೇನೆ" ಎಂದು ಹತ್ತು ಹೆಜ್ಜೆ ಹಿಂದೆ ಹೋಗಿ, ಬೆನ್ನು ತಿರುಗಿಸಿ ನಿಂತರು.

ನಾನು ಮೊಬೈಲು ಎತ್ತಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಟಲು ಸರಿಮಾಡಿಕೊಂಡಳು. ಮದುವೆಮನೆಗಳಲ್ಲಿ ಕಾಣದ ಹೆದರಿಕೆ ಅವಳ ಮುಖದಲ್ಲಿತ್ತು. ಗುಂಯ್ ಎಂದು ಶುರುಮಾಡಿದಳು. ಸದ್ದು ಸಣ್ಣಗೆ ಎದ್ದು, ಏರಿ, ತುದಿ ಮುಟ್ಟಿ ನಿಂತಿತು. ಆಮೇಲೆ ಎಣಿಕೆ. ಒಂದು, ಎರಡು, ಮೂರು. ಅದೇ ಹೊತ್ತಿಗೆ ಒಬ್ಬ ಹುಡುಗ ವಿಮಾನದ ಚಕ್ರ ಹತ್ತಿದ, ಕಾವಲಿನವನು ಮತ್ತೆ ಸೀಟಿ ಊದಿದ. ಸೀಟಿ ನಿಂತಾಗ ಅತ್ತೆ ಕೆಮ್ಮಿನಲ್ಲಿದ್ದಳು. ಖೊಳ್. ಖೊಳ್. ಡಬ್. ಆಮೇಲೆ ಗುಡುಗುಡು ಎದ್ದು, ತಗಡಿನ ಮಾಡು ಅದನ್ನು ಹಿಡಿದುಕೊಂಡು ದುಪ್ಪಟ್ಟು ಮಾಡಿತು.

ಮಾದಪ್ಪನವರು ತಿರುಗಿ ಬಂದರು.

"ನಡುವೆ ಎಣಿಸಿದಿರಲ್ಲ, ಯಾಕೆ?"

"ಅವ್ರು ಎಣುಸ್ತಿದ್ರು. ಅದುಕ್ಕೇಯ."

"ಯಾಕೆ ಅಂತ ಗೊತ್ತಿಲ್ಲ?"

"ಇಲ್ಲ."

ಅವರು ಮೇಲಿನ ಫ್ಯಾನು ತೋರಿಸಿದರು. "ಗುಂಯ್ ಅಂದಿರಲ್ಲ, ಅದು ಸ್ಟಾರ್ಟರ್. ಆಮೇಲೆ ಈ ಫ್ಯಾನು ಮೆಲ್ಲಗೆ ತಿರುಗ್ತದೆ. ಒಂದೊಂದು ಬ್ಲೇಡು ದಾಟುವುದನ್ನು ಎಣಿಸಬೇಕು. ನಮ್ಮಲ್ಲಿ ಆರು. ಆರು ದಾಟಿದ ಮೇಲೆ ಸ್ವಿಚ್ಚು ಹಾಕುವುದು. ಆಗ ಅದು ಕೆಮ್ಮುವುದು. ನೋಡಿದವರಿಗೆ ಮಾತ್ರ ಇದು ಗೊತ್ತು ಅಮ್ಮ. ಸದ್ದನ್ನು ಯಾರು ಬೇಕಾದರೂ ಕೇಳಬಹುದು, ಎಣಿಕೆ ಸದ್ದಿನೊಳಗೆ ಇರುವುದಿಲ್ಲ."

ಅತ್ತೆ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಮರೆತಿಲ್ಲ ಎಂದೇ ನಂಬಿದ್ದೇನೆ. ಐವತ್ತು ವರ್ಷ ಮೋಟಾರಿನ ಮುಂದೆ, ಎಂಜಿನ್ನಿನ ಮುಂದೆ ಎಣಿಸಿದ್ದಕ್ಕೆ ಒಂದು ಅರ್ಥವಿತ್ತು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳು ಸುಮ್ಮನಿರುವವಳಲ್ಲ. "ಒಂದ್ ಮಾತು ಕೇಳ್ತೀನಿ, ಮುಲಾಜಿಲ್ದೆ ಯೋಳ್ಬೇಕು ನೀವು" ಅಂದಳು. "ಇದು ಅಡುಗೆಯೋನ್ಗೂ ಗೊತ್ತಿರ್ತದಾ?"

ಮಾದಪ್ಪನವರು ಮೀಸೆ ಸವರಿಕೊಂಡರು. ಸುಳ್ಳು ಹೇಳುವ ಮನಸ್ಸು ಅವರಿಗೆ ಒಂದು ಕ್ಷಣ ಬಂದಿತ್ತು ಎಂದು ನನಗನ್ನಿಸಿತು. "ನಮ್ಮ ಅಡುಗೆಮನೆ ವಿಮಾನ ನಿಲ್ಲುವ ಜಾಗದ ಪಕ್ಕವೇ ಇತ್ತು" ಅಂದರು. "ಬೆಳಿಗ್ಗೆ ಮೊದಲನೇ ಎಂಜಿನ್ ಏಳುವಾಗ ಎದ್ದಿರುತ್ತಿದ್ದವರು ಇಬ್ಬರೇ. ಫಿಟ್ಟರು, ಅಡುಗೆಯವನು. ಅವನು ಚಹಾ ಸೋಸುತ್ತ ಬಾಗಿಲಲ್ಲಿ ನಿಂತು ನೋಡ್ತಿದ್ದ. ನಮ್ಮ ಜೊತೆ ಎಣಿಸ್ತಾನೂ ಇದ್ದ."

"ಅವ್ನ್ ಅಡುಗೆ ಎಂಗಿರ್ತಿತ್ತು?"

"ಎಂಥ ಹೇಳುವುದು. ಬೇಳೆ ಸಾರಿಗೆ ದಿನಾ ಉಪ್ಪು ಜಾಸ್ತಿ."

ನಾನೂ ಸುಧಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆಯ ಬಾಯಿ ತೆರೆದಂತೆಯೇ ಇತ್ತು. ಆಮೇಲೆ ಅವಳ ಭುಜ ಕುಲುಕಲು ಶುರುವಾಯಿತು. ಅ‌ಳುತ್ತಿದ್ದಾಳೆ ಎಂದು ನಾನು ಹತ್ತಿರ ಹೋದರೆ, ಅವಳು ನಗುತ್ತಿದ್ದಳು. ಹಗ್ಗದ ಕಂಬ ಹಿಡಿದುಕೊಂಡು ನಗುತ್ತಿದ್ದಳು. "ಒಂದೇ ಸಮ ಎಚ್ಚಾಗಿರ್ತಿತ್ತಾ?" ಎಂದು ಕೇಳಿ ಮತ್ತೆ ನಕ್ಕಳು. ಮಾದಪ್ಪನವರಿಗೆ ಮುನ್ನೂರು ಜನರ ಸಾರಿನ ಕತೆಯನ್ನು ಸುಧಾ ಹೇಳಿದಳು. ಅವರೂ ಟೋಪಿ ತೆಗೆದು ನಕ್ಕರು.

"ಒಂದು ತಪ್ಪು ಮಾತ್ರ ಉಂಟು ಅಮ್ಮ ನಿಮ್ಮ ಸದ್ದಿನಲ್ಲಿ" ಅಂದರು ಆಮೇಲೆ, ಕಣ್ಣೊರೆಸಿಕೊಂಡು. "ಡಕೋಟಾಕ್ಕೆ ಎರಡು ಎಂಜಿನ್. ಇಷ್ಟು ವರ್ಷ ನೀವು ಒಂದರಲ್ಲೇ ಹಾರಿಸಿದ್ದೀರಿ."

"ಇನ್ನೊಂದ್ ಬಾಯಿ ಎಲ್ಲಿಂದ ತರ್ಲಿ?"

"ನಾನಿಲ್ಲವಾ? ಬಲದ್ದು ನನ್ನದು, ಮೊದಲು ಅದೇ ಏಳುವುದು. ಎಡದ್ದು ನೀವು."

ಅವರು ಬಲದ ರೆಕ್ಕೆಯ ಕೆಳಗೆ ಹೋಗಿ ನಿಂತರು, ಅತ್ತೆ ಎಡದ ರೆಕ್ಕೆಯ ಕೆಳಗೆ. ಮಾದಪ್ಪನವರ ಗುಂಯ್ ಅತ್ತೆಯದಕ್ಕಿಂತ ದಪ್ಪ. ಎಣಿಕೆಗೆ ಮಕ್ಕಳೆಲ್ಲ ದನಿಗೂಡಿಸಿದರು. ಅವರ ಎಂಜಿನ್ ಕೆಮ್ಮಿ ಎದ್ದಿತು. ಅದು ಆರದಂತೆ ಅವರು ಉಸಿರು ಹಿಡಿದಿರುವಾಗಲೇ ಅತ್ತೆ ತನ್ನದನ್ನು ಶುರು ಮಾಡಿದಳು. ಮತ್ತೆ ಎಣಿಕೆ, ಮತ್ತೆ ಕೆಮ್ಮು. ಎರಡೂ ಸೇರಿದಾಗ ಒಂದು ವಿಚಿತ್ರವಾಯಿತು. ಎರಡು ಗುಡುಗುಡು ಒಂದಕ್ಕೊಂದು ಹೊಂದದೆ, ನಡುವೆ ಉಯ್ಯಾಲೆಯಂತೆ ಏರಿಳಿಯುವ ಮೂರನೆಯ ಸದ್ದೊಂದು ಹುಟ್ಟಿತು. ಮಾದಪ್ಪನವರು ಉಸಿರು ಮುಗಿದು ನಿಲ್ಲಿಸಿ, "ಅದೇ, ಅದೇ, ಅದೇ ಅದು" ಎಂದು ಅತ್ತೆಯ ಕಡೆ ಕೈ ಚಾಚಿದರು. ಅಷ್ಟರಲ್ಲಿ ಮಕ್ಕಳೆಲ್ಲ ಎಂಜಿನ್ನುಗಳಾಗಿದ್ದರು. ಸೀಟಿ ಊದುತ್ತಿದ್ದವನೂ ಗುಂಯ್‌ಗುಟ್ಟುತ್ತಿದ್ದ. ಗೊರವಂಕ ಹೊರಗೆ ತಲೆಹಾಕಿ ನಮ್ಮನ್ನೆಲ್ಲ ಬೈಯುತ್ತಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಮದ್ದೂರು ದಾಟಿದ ಮೇಲೆ, "ಗೋಡೆಗೆ ಏನ್ ಬರ್ಸ್ಬೇಕು ಅಂತ ಗೊತ್ತಾಯ್ತು ಕಣ್ಲಾ" ಎಂದು ಹೇಳಿ ಸುಧಾಳ ಭುಜಕ್ಕೆ ಒರಗಿ ನಿದ್ದೆ ಹೋದಳು.

ಈಗ ಭೇರ್ಯದ ಶಾಲೆಯ ಗೋಡೆಯ ಮೊದಲನೇ ಸಾಲಿನಲ್ಲಿ, "ಚೆಲುವಯ್ಯ, ವಿಮಾನದ ಸದ್ದು ಬಲ್ಲವರು" ಎಂದು ನೀಲಿ ಬಣ್ಣದಲ್ಲಿ ಬರೆದಿದೆ. ಬರೆಯುವ ದಿನ ಸಣ್ಣೇಗೌಡರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರಂತೆ.

"ಇದ್ಯಾವ್ ಉದ್ಯೋಗ ಅತ್ಗೆ?"

"ನಿಂಗ್ ಬತ್ತದಾ? ಎಲ್ಲಿ, ಮಾಡು ನೋಡನ."

ಸಣ್ಣೇಗೌಡರು ಎಲ್ಲರೆದುರು ಪ್ರಯತ್ನಪಟ್ಟರು. ಎಮ್ಮೆ ನೀರು ಕುಡಿದಂತಾಯಿತು ಎಂದು ಅತ್ತೆ ಹೇಳುತ್ತಾಳೆ. ಆದರೆ ಸೋತ ಮೇಲೆ ಅವರು ಒಂದು ಮಾತು ಕೇಳಿದರು. "ನಡುವೆ ನೀನ್ ಎಣುಸ್ತಿದ್ದದ್ದು ಒಂಬತ್ತಲ್ವಾ?"

"ಆರು" ಅಂದಳು ಅತ್ತೆ. "ನಾನ್ ಯಾವಾಗ್ಲೂ ಆರೇ ಎಣುಸೋದು."

ಈಗ ದಿನಾ ಸ್ವಿಚ್ಚಿನ ಮುಂದೆ ಅವಳು ಎಣಿಸುವುದು ಆರೇ. ಆದರೆ ಮೊದಲೂ ಆರೇ ಇತ್ತೋ, ಅಥವಾ ಮಾದಪ್ಪನವರು ಹೇಳಿದ ಮೇಲೆ ಆರಾಯಿತೋ? ಆ ದಿನ, ಅವರು ಹೇಳುವುದಕ್ಕೆ ಮೊದಲೇ, ಅತ್ತೆ ತಾನಾಗಿ ಆರು ಎಣಿಸಿದ್ದರೆ ಅದು ವಿಮಾನದ ಹತ್ತಿರ ನಿಂತವರೊಬ್ಬರು ತಂದ ಎಣಿಕೆ. ಏಳಾಗಿದ್ದರೆ ಅದು ಮಿಲ್ಲಿನ ಹ್ಯಾಂಡಲಿನ ಎಣಿಕೆ ಇರಬಹುದು, ಅದಕ್ಕೂ ವಿಮಾನಕ್ಕೂ ಸಂಬಂಧವೇ ಇಲ್ಲದಿರಬಹುದು. ಮೊಬೈಲಿನಲ್ಲಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಗುಂಯ್ ಇದೆ. ಒಂದು, ಎರಡು, ಮೂರು ಇದೆ. ಆಮೇಲೆ ಸೀಟಿ ಇದೆ. ಸೀಟಿ ನಿಂತ ಮೇಲೆ ಕೆಮ್ಮು ಇದೆ. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೋಲು ಕಚ್ಚಿಯೂ ಕೇಳಿದ್ದೇನೆ.

ದಫ್ತರಕ್ಕೆ ಬರೆಯುವ ಅರ್ಜಿ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅಂದಿನಿಂದ ತಯಾರಾಗಿಯೇ ಇದೆ. ಒಂದು ಪ್ರತಿ ತೆಗೆದು ಅಂಚೆಗೆ ಹಾಕಿದರೆ ಸಾಕು. ಹಾಕಿಲ್ಲ. ಅತ್ತೆ ಬೇಡ ಎಂದದ್ದಕ್ಕೋ, ಉತ್ತರ ಬಂದರೆ ಆ ನಗು ಹೋಗಬಹುದು ಎಂಬ ಹೆದರಿಕೆಗೋ, ಅದನ್ನು ಸರಿಯಾಗಿ ಹೇಳಲಾರೆ. ಚೆಲುವಯ್ಯ ಮಾವ ಸ್ಪ್ಯಾನರ್ ಹಿಡಿದಿದ್ದರೋ ಸೌಟು ಹಿಡಿದಿದ್ದರೋ ನನಗೆ ಗೊತ್ತಿಲ್ಲ. ಸೀಟಿಯ ಕೆಳಗೆ ಇರುವುದು ಆರೋ ಏಳೋ, ಅದೂ ಗೊತ್ತಿಲ್ಲ.